ರೋಗಿಶಯ್ಯೆಯ ಬಳಿಯ ಎಂಜಿನಿಯರು

ಬೆಂಗಳೂರಿನಿಂದ ಹೊರಟ ರೈಲು ಚೆನ್ನೈಯ ಸೆಂಟ್ರಲ್ ನಿಲ್ದಾಣವನ್ನು ಮುಟ್ಟಿ, ಪ್ರಯಾಣಿಕನು ಹೊರಗೆ ಬಂದು ನಿಂತರೆ, ರಸ್ತೆಯ ಆಚೆಬದಿಯಲ್ಲಿ ಅವನಿಗೆ ಎದುರಾಗುವುದು 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಆರಂಭಗೊಂಡು ಇಂದು ರಾಜೀವ್ ಗಾಂಧಿಯವರ ಹೆಸರನ್ನು ಹೊತ್ತಿರುವ ಸರ್ಕಾರಿ ಜನರಲ್ ಆಸ್ಪತ್ರೆ. ಅಲ್ಲಿಂದ ದಕ್ಷಿಣಾಭಿಮುಖವಾಗಿ ಹತ್ತು ಹನ್ನೆರಡು ಕಿಲೋಮೀಟರು ಸಾಗುವಷ್ಟರಲ್ಲಿ, 1794ರಲ್ಲಿ ಭೂಮಾಪನದ ಶಾಲೆಯಾಗಿ ಜನ್ಮತಾಳಿದ ಗಿಂಡಿ ಎಂಜಿನಿಯರಿಂಗ್ ಕಾಲೇಜೂ, 1959ರಲ್ಲಿ ಸ್ಥಾಪಿತವಾದ ಐಐಟಿ ಮದ್ರಾಸ್ ವಿದ್ಯಾಸಂಸ್ಥೆಯೂ ಸಿಗುತ್ತವೆ. ರೋಗವನ್ನು ಗುಣಪಡಿಸುವ ಸ್ಥಳವೂ ಯಂತ್ರವನ್ನು ನಿರ್ಮಿಸುವ ಸ್ಥಳವೂ ಇಷ್ಟು ಸಮೀಪದಲ್ಲಿ, ಇಷ್ಟು ದೀರ್ಘಕಾಲ ನೆಲೆನಿಂತಿರುವ ನಗರಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಬಯೋಮೆಡಿಕಲ್ ಎಂಜಿನಿಯರಿಂಗ್ ಎಂಬ ವಿದ್ಯೆ ಈ ಎರಡು ಸ್ಥಳಗಳ ನಡುವಣ ದಾರಿಯಲ್ಲಿಯೇ ಬೆಳೆಯತಕ್ಕದ್ದು. ಆದಕಾರಣ ಆ ವಿದ್ಯೆಯನ್ನು ಅರಸಿ ಗಿಂಡಿಗೋ, ಕಾಳವಾಕ್ಕಮ್‌ನ ಎಸ್‌ಎಸ್‌ಎನ್ ಕಾಲೇಜಿಗೋ, ಕಾಟ್ಟಾಂಕುಳತ್ತೂರಿನ ಎಸ್‌ಆರ್‌ಎಂ ಸಂಸ್ಥೆಗೋ ಬರುವ ನಮ್ಮ ಹುಡುಗ ಹುಡುಗಿಯರು ತಮ್ಮ ನಾಲ್ಕು ವರ್ಷಗಳನ್ನು ಹೇಗೆ ವಿನಿಯೋಗಿಸಬೇಕು ಎಂಬ ವಿಚಾರ ಅವರ ಹೆತ್ತವರಿಗೆ ಮಾತ್ರವಲ್ಲದೆ, ಎಂದಾದರೊಂದು ದಿನ ಯಾವುದಾದರೊಂದು ಯಂತ್ರಕ್ಕೆ ತಮ್ಮ ದೇಹವನ್ನು ಒಪ್ಪಿಸಬೇಕಾಗಿ ಬರುವ ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು.

ಈ ಶಾಸ್ತ್ರವು ಎಂಜಿನಿಯರಿಂಗಿನ ಉಳಿದ ಶಾಖೆಗಳಿಂದ ಎಲ್ಲಿ ಭಿನ್ನವಾಗುತ್ತದೆಂಬುದನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸಬಹುದು. ಮನೆಯ ವಿದ್ಯುತ್ ಉಪಕರಣದ ಹೊರಕವಚದಿಂದ ಅತ್ಯಲ್ಪವಾದ ವಿದ್ಯುತ್ ಪ್ರವಾಹವು ಸೋರುತ್ತಲೇ ಇರುತ್ತದೆ. ಒಂದು ಮಿಲಿಆಂಪಿಯರ್‌ನಷ್ಟು ಪ್ರವಾಹ ಕೈಗೆ ತಾಕಿದರೆ ಸಣ್ಣಗೆ ಜುಮ್ಮೆನ್ನಬಹುದು, ಅಷ್ಟೇ. ಒಣಗಿದ ಚರ್ಮವು ನಮ್ಮನ್ನು ಕಾಯುತ್ತದೆ. ಆದರೆ ಹೃದಯದವರೆಗೂ ಒಂದು ಸೂಕ್ಷ್ಮನಳಿಕೆಯನ್ನೋ ತಂತಿಯನ್ನೋ ಒಯ್ದಿರುವ ರೋಗಿಯಲ್ಲಿ ಚರ್ಮದ ಆ ರಕ್ಷಣೆ ಇಲ್ಲ. ಅಲ್ಲಿ ಮೇಲೆ ಹೇಳಿದುದರ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಮೆಯ ಪ್ರವಾಹವೇ ಹೃದಯದ ತಾಳವನ್ನು ಕೆಡಿಸಿ ಪ್ರಾಣಾಪಾಯವನ್ನು ತರಬಲ್ಲುದು. ಆದುದರಿಂದಲೇ ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣಗಳಿಂದ ರೋಗಿಯತ್ತ ಸೋರುವ ಪ್ರವಾಹವು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೊಆಂಪಿಯರ್, ಅಂದರೆ ಒಂದು ಮಿಲಿಆಂಪಿಯರ್‌ನ ನೂರನೆಯ ಒಂದು ಭಾಗವನ್ನು ಮೀರಕೂಡದೆಂದು ಅಂತರರಾಷ್ಟ್ರೀಯ ಮಾನಕವು ವಿಧಿಸಿದೆ. ರೋಗಿಗೆ ಅದು ತಾಕುವುದು ತಿಳಿಯದು, ದಾದಿಗೆ ಕಾಣದು, ವೈದ್ಯನು ಊಹಿಸಲಾರ. ಅದನ್ನು ಅಳೆದು ನೋಡಿ, ಈ ಯಂತ್ರ ಈ ಹೊತ್ತು ಬಳಕೆಗೆ ಯೋಗ್ಯವೆಂದು ಸಹಿ ಮಾಡುವವನು ಎಂಜಿನಿಯರೊಬ್ಬನೇ. ಆ ಸಹಿಯ ಭಾರವನ್ನು ಅರಿಯದೆ ಪದವಿಯನ್ನು ಪಡೆದವನು ಸೂತ್ರಗಳನ್ನು ಎಷ್ಟೇ ಕಂಠಸ್ಥ ಮಾಡಿಕೊಂಡಿದ್ದರೂ ಈ ವಿದ್ಯೆಯ ಹೊಸ್ತಿಲಿನ ಹೊರಗೇ ಉಳಿದಂತೆ.

ಯಂತ್ರವೊಂದು ಹೊಸದಾಗಿ ಹುಟ್ಟುವ ಬಗೆಯನ್ನು ತಿಳಿಯಬೇಕೆನ್ನುವವರು ಹೃದಯದ ಕೃತಕ ಕವಾಟದ ಕಥೆಯನ್ನು ಓದಬೇಕು. ಬಾಲ್ಯದಲ್ಲಿ ಬಂದ ಗಂಟಲುಬೇನೆಯ ಬೆನ್ನಿಗೇ ರುಮ್ಯಾಟಿಕ್ ಜ್ವರ ತಗುಲಿ, ಅದರಿಂದ ಹೃದಯದ ಕವಾಟಗಳು ವಿಕಾರಗೊಂಡು, ತಾರುಣ್ಯದಲ್ಲಿಯೇ ಏದುಸಿರು ಬಿಡುವ ಬಡವರ ಮಕ್ಕಳನ್ನು ಕಂಡು ಮನನೊಂದ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರು, ವಿದೇಶದ ಕವಾಟಗಳ ಬೆಲೆ ಈ ಜನರ ಕೈಗೆ ಎಂದಿಗೂ ಎಟುಕದೆಂಬುದನ್ನು ಅರಿತು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂಜಿನಿಯರುಗಳನ್ನೂ ಲೋಹವಿಜ್ಞಾನಿಗಳನ್ನೂ ಕೂಡಿಸಿಕೊಂಡು ಸ್ವದೇಶಿ ಕವಾಟದ ನಿರ್ಮಾಣಕ್ಕೆ ತೊಡಗಿದರು. ನಿಮಿಷಕ್ಕೆ 72 ಬಾರಿ ತೆರೆದು ಮುಚ್ಚುವ ಕವಾಟವೊಂದು ವರ್ಷಕ್ಕೆ ಸುಮಾರು ಮೂರು ಕೋಟಿ ಎಂಬತ್ತು ಲಕ್ಷ ಬಾರಿ ಅಲುಗಬೇಕು. ಹಾಗೆ ದಶಕಗಳ ಕಾಲ ಸವೆಯದೆ, ಮುರಿಯದೆ, ರಕ್ತವನ್ನು ಹೆಪ್ಪುಗಟ್ಟಿಸದೆ ಇರಬೇಕು. ಮೊದಲ ಮೂರು ಮಾದರಿಗಳು ವಿಫಲವಾದುವು. ಒಂದರಲ್ಲಿ ಲೋಹವು ಸವೆಯಿತು, ಮತ್ತೊಂದರಲ್ಲಿ ನೀಲಮಣಿಯಷ್ಟು ಗಡುಸಾದ ಬಿಲ್ಲೆಯೇ ಒಡೆಯಿತು. ಕಾಠಿನ್ಯವನ್ನೇ ನೆಚ್ಚಿದ ಆ ಪ್ರಯತ್ನಗಳ ತರುವಾಯ, ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನೊಳಗೆ ಪಾಲಿಎಥಿಲೀನ್ ಜಾತಿಯ ಮೆತುವಾದ ಬಿಲ್ಲೆಯನ್ನು ಇರಿಸಿದ ನಾಲ್ಕನೆಯ ಮಾದರಿ ಪರೀಕ್ಷೆಗಳನ್ನೆಲ್ಲ ದಾಟಿ, 1990ರ ಡಿಸೆಂಬರಿನಲ್ಲಿ ಮೊಟ್ಟಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಸೇರಿತು. ಅದರ ಉತ್ಪಾದನೆಯ ಹೊಣೆಯನ್ನು ಹೊತ್ತದ್ದು ಚೆನ್ನೈಯ ಟಿಟಿಕೆ ಸಮೂಹ. ಒಂದು ಲಕ್ಷಕ್ಕೂ ಮಿಕ್ಕಿದ ರೋಗಿಗಳಲ್ಲಿ ಆ ಕವಾಟವನ್ನು ಅಳವಡಿಸಲಾಗಿದೆ. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ಉಚ್ಚಶಿಕ್ಷಣ ಸಂಸ್ಥೆಯ ಮೊದಲ ಕುಲಪತಿಗಳಾಗಿ ಕನ್ನಡನಾಡಿನವರೇ ಆಗಿ, 2024ರಲ್ಲಿ ಅಲ್ಲಿಯೇ ದೇಹವಿಟ್ಟರು. ಸಾಧನೆಯ ಕಡೆಯ ಪುಟವನ್ನಷ್ಟೇ ಬೋಧಿಸುವ ನಮ್ಮ ಪಠ್ಯಗಳು ಆ ಮೂರು ಸೋಲುಗಳ ವಿವರವನ್ನೂ ಬೋಧಿಸುವಂತಾದರೆ, ಪ್ರಥಮ ಪ್ರಯತ್ನದಲ್ಲಿಯೇ ಫಲವನ್ನು ಬಯಸಿ ನಿರಾಶರಾಗುವ ವಿದ್ಯಾರ್ಥಿಗಳ ಸಂಖ್ಯೆ ಕಡಮೆಯಾದೀತೆಂದು ನನ್ನ ದೃಢವಾದ ನಂಬಿಕೆ.

ಅದೇ ಟಿಟಿಕೆಯ ಹೆಸರನ್ನು ಹೊತ್ತ ಪುನರ್ವಸತಿ ಸಂಶೋಧನಾ ಕೇಂದ್ರವೊಂದು ಐಐಟಿ ಮದ್ರಾಸಿನ ಆವರಣದಲ್ಲಿ, ಪ್ರಾಧ್ಯಾಪಕಿ ಸುಜಾತಾ ಶ್ರೀನಿವಾಸನ್ ಅವರ ನೇತೃತ್ವದಲ್ಲಿ ನಡೆಯುತ್ತಿದೆ. ಕುಳಿತಿರುವವನನ್ನು ಎಬ್ಬಿಸಿ ನಿಲ್ಲಿಸಬಲ್ಲ ಗಾಲಿಕುರ್ಚಿಯನ್ನು ಚೆನ್ನೈಯ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಸಂಸ್ಥೆಯೊಡಗೂಡಿ 2019ರಲ್ಲಿ ಹೊರತಂದ ಈ ಕೇಂದ್ರವು, 2022ರಲ್ಲಿ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಸಹಯೋಗದಿಂದ 'ಕದಂ' ಎಂಬ ಕೃತಕ ಮೊಣಕಾಲನ್ನು ಬಳಕೆಗೆ ತಂದಿತು. ಇದರ ತತ್ತ್ವ ಬಹು ರಮಣೀಯವಾದದ್ದು. ಬಾಗಿಲಿನ ತಿರುಗಣಿಯಂತೆ ಒಂದೇ ಅಕ್ಷದ ಮೇಲೆ ಮಡಚುವ ಮೊಣಕಾಲು, ಅದರ ಮೇಲೆ ಭಾರ ಬಿದ್ದ ಗಳಿಗೆಯಲ್ಲಿ ಥಟ್ಟನೆ ಮಡಚಿಕೊಂಡು ಧರಿಸಿದವನನ್ನು ಬೀಳಿಸಬಹುದು. ನಾಲ್ಕು ಸರಳುಗಳನ್ನು ಪರಸ್ಪರ ಕೀಲಿಸಿದ ಜೋಡಣೆಯಲ್ಲಾದರೋ ತಿರುಗುವ ಕೇಂದ್ರವು ಒಂದೆಡೆ ನಿಲ್ಲದೆ ಚಲಿಸುತ್ತದೆ: ಕಾಲನ್ನು ನೆಲಕ್ಕೆ ಊರಿದಾಗ ಆ ಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿದು ಮೊಣಕಾಲನ್ನು ಭದ್ರಪಡಿಸುತ್ತದೆ, ಕಾಲನ್ನು ಮುಂದಕ್ಕೆ ಬೀಸುವಾಗ ಅದೇ ಜೋಡಣೆ ಮಡಚಿಕೊಂಡು ಕಾಲಿನ ಉದ್ದವನ್ನು ತುಸು ತಗ್ಗಿಸಿ ಬೆರಳುಗಳು ನೆಲಕ್ಕೆ ತಾಗದಂತೆ ನೋಡಿಕೊಳ್ಳುತ್ತದೆ. 'ಕದಂ' 160 ಅಂಶಗಳವರೆಗೆ ಬಾಗುತ್ತದೆ. ಬಸ್ಸಿನ ಇಕ್ಕಟ್ಟಾದ ಆಸನಗಳ ನಡುವೆ ಕುಳಿತು ಏಳಬೇಕಾದ ನಮ್ಮ ಜನರ ಬಾಳು ಈ ಸಂಖ್ಯೆಯೊಳಗೆ ಸೇರಿಕೊಂಡಿದೆ. ಅಂತಹ ಸಂಖ್ಯೆಯನ್ನು ಕಂಡುಕೊಳ್ಳಲು ಧರಿಸುವವನ ಸಂಗಡ ಬಸ್ಸನ್ನು ಹತ್ತಿ ಇಳಿದು ನೋಡುವ ತಾಳ್ಮೆ ಬೇಕು.

ಇನ್ನು ವಿದ್ಯಾರ್ಥಿ ಏನು ಮಾಡಬೇಕು? ಎರಡನೆಯ ವರ್ಷದ ರಜೆ ಬಂದೊಡನೆ ಆತನು ಅಥವಾ ಆಕೆ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದ ಬಾಗಿಲನ್ನು ತಟ್ಟಿ, ಅಲ್ಲಿಯ ತಂತ್ರಜ್ಞರ ಹಿಂದೆ ವಾರ್ಡಿನಿಂದ ವಾರ್ಡಿಗೆ ಅಲೆಯಲು ಅನುಮತಿಯನ್ನು ಬೇಡಬೇಕು. ಕೆಟ್ಟುಹೋಯಿತೆಂದು ಮೂಲೆಗೆ ಸೇರಿಸಿದ ಉಪಕರಣಗಳಲ್ಲಿ ಎಷ್ಟೋ ಒಂದು ಹಳೆಯದಾದ ಬ್ಯಾಟರಿಯಿಂದಲೋ, ತುಂಡಾದ ಕೇಬಲಿನಿಂದಲೋ, ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದ ಸಂಪರ್ಕದಿಂದಲೋ ನಿಂತಿರುವುವು ಎಂಬುದು ಆಗ ಕಣ್ಣಾರೆ ತಿಳಿಯುತ್ತದೆ. ತಂಪುದೇಶದ ಒಣಹವೆಗೆಂದು ರಚಿತವಾದ ಯಂತ್ರವು ಚೆನ್ನೈಯ ಮೇ ತಿಂಗಳ ಸುಡುಬಿಸಿಲಿನಲ್ಲಿ, ಏರಿಳಿಯುವ ವೋಲ್ಟೇಜಿನಲ್ಲಿ ಹೇಗೆ ವರ್ತಿಸುವುದೆಂಬುದನ್ನು ಯಾವ ಗ್ರಂಥವೂ ತಿಳಿಸದು. 2015ರ ಡಿಸೆಂಬರಿನ ಮಹಾಪ್ರವಾಹದಲ್ಲಿ ಅಡಯಾರು ನದಿ ನಗರದೊಳಗೆ ನುಗ್ಗಿ ಬಡಾವಣೆಗಳು ವಿದ್ಯುತ್ತಿಲ್ಲದೆ ಕತ್ತಲಲ್ಲಿ ಮುಳುಗಿದ ಮೇಲೆ, ಆಸ್ಪತ್ರೆಯ ಜನರೇಟರನ್ನು ಯಾವ ಅಂತಸ್ತಿನಲ್ಲಿ ಇರಿಸಬೇಕು, ವೆಂಟಿಲೇಟರಿನ ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ನಡೆಯುತ್ತದೆ ಎಂಬ ಪ್ರಶ್ನೆಗಳು ಕೇವಲ ಕಟ್ಟಡದ ಪ್ರಶ್ನೆಗಳಾಗಿ ಉಳಿದಿಲ್ಲ.

ಕನ್ನಡನಾಡಿನಿಂದ ಬಂದವರಿಗೆ ಇಲ್ಲಿ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು: ತಮಿಳನ್ನು ಕಲಿಯಿರಿ. ತನಗೆ ಎಲ್ಲಿ ಚುಚ್ಚುತ್ತದೆ, ಯಾವ ಪಟ್ಟಿ ಬಿಗಿಯಾಗಿದೆ ಎಂಬುದನ್ನು ರೋಗಿಯು ತನ್ನ ತಾಯ್ನುಡಿಯಲ್ಲಿಯೇ ಹೇಳುವನು. ಯಾವ ಎಚ್ಚರಿಕೆಯ ಗಂಟೆ ವ್ಯರ್ಥವಾಗಿ ಬಡಿದುಕೊಂಡು ರೋಗಿಗಳ ನಿದ್ರೆ ಕೆಡಿಸುತ್ತದೆಂಬುದನ್ನು ರಾತ್ರಿಪಾಳಿಯ ದಾದಿಯೂ ಹಾಗೆಯೇ.

ಪದವಿಯ ಯೋಜನೆಗಾಗಿ ವಿಷಯವನ್ನು ಅರಸುವವರು ದೂರ ಹೋಗಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ಈ ತತ್ತ್ವದಲ್ಲಿ, 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯ ಪ್ರತಿ ಮಿಡಿತಕ್ಕೂ ಅವುಗಳಲ್ಲಿ ಎಷ್ಟೆಷ್ಟು ಹೀರಲ್ಪಟ್ಟಿತೆಂಬ ಅನುಪಾತದಿಂದ ರಕ್ತದ ಆಮ್ಲಜನಕವನ್ನು ಗಣಿಸುತ್ತಾರೆ. ಆ ಅನುಪಾತವನ್ನು ಶೇಕಡಾವಾರಿಗೆ ತಿರುಗಿಸುವ ಕೋಷ್ಟಕವಾದರೋ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಿಂದ ಸಿದ್ಧವಾದುದು. ಆ ಸ್ವಯಂಸೇವಕರ ಮೈಬಣ್ಣ ಯಾವುದೆಂಬ ಪ್ರಶ್ನೆ ಬಹುಕಾಲ ಯಾರ ಗಮನವನ್ನೂ ಸಾಕಷ್ಟು ಸೆಳೆಯಲಿಲ್ಲ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಆಮ್ಲಜನಕದ ಕೊರತೆ ಈ ಉಪಕರಣದ ಕಣ್ಣಿಗೆ ಬೀಳದೆ ತಪ್ಪಿಹೋಗುವುದು ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ತೋರಿಸಿತು. ದಕ್ಷಿಣ ಭಾರತದ ನಾನಾ ಛಾಯೆಗಳ ಶ್ಯಾಮಲವರ್ಣದ ಜನರ ನಡುವೆ ಓದುತ್ತಿರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಘನವಾದ ಪ್ರಶ್ನೆ ಮತ್ತಾವುದು? ಮತ್ತೊಬ್ಬರ ಮಾದರಿಯನ್ನು ನಕಲಿಸಿ, ಪ್ರದರ್ಶನದ ದಿನ ದೀಪ ಮಿನುಗಿಸಿ, ಮರುದಿನ ಮರೆತುಬಿಡುವ ಯೋಜನೆಗಳಿಗಿಂತ, ಇರುವ ಒಂದು ಉಪಕರಣದ ದೋಷವನ್ನು ಪ್ರಾಮಾಣಿಕವಾಗಿ ಅಳೆದ ಯೋಜನೆಯನ್ನು ನಾನು ನೂರು ಪಾಲು ಮೇಲೆಂದು ಎಣಿಸುತ್ತೇನೆ.

ಉದ್ಯೋಗದ ವಿಷಯದಲ್ಲಿ ಹೆತ್ತವರಿಗಿರುವ ಆತಂಕ ಅಕಾರಣವಾದುದಲ್ಲ. ಸಾಫ್ಟ್‌ವೇರ್ ಕಂಪನಿಗಳು ಒಂದೇ ದಿನ ಬಂದು ನೂರಾರು ಮಂದಿಯನ್ನು ಕರೆದೊಯ್ಯುವಂತೆ ಈ ಕ್ಷೇತ್ರದ ಸಂಸ್ಥೆಗಳು ಕರೆದೊಯ್ಯುವುದಿಲ್ಲ. ಆದರೂ ಮಾರ್ಗಗಳು ಹಲವಿವೆ. ನವಜಾತ ಶಿಶುಗಳ ತಾಪಕಗಳನ್ನು ನಿರ್ಮಿಸುವ ಮೇಲೆ ಹೇಳಿದ ಫೀನಿಕ್ಸ್, ಶ್ರೀಪೆರುಂಬುದೂರಿನಲ್ಲಿ ಉತ್ಪಾದನೆಯ ನೆಲೆಯುಳ್ಳ ಟ್ರೈವಿಟ್ರಾನ್, ಸಿಟಿ ಸ್ಕ್ಯಾನಿನ ಚಿತ್ರವನ್ನು ಅನುಸರಿಸಿ ಸೂಜಿಗೆ ದಾರಿ ತೋರುವ ರೋಬೊಟನ್ನು ರಚಿಸಿದ ಪರ್ಫಿಂಟ್, ಇವೆಲ್ಲ ಚೆನ್ನೈಯವೇ. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರಿಗೆ ಐಐಟಿ ಮದ್ರಾಸು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಸೇರಿ 2011ರಲ್ಲಿ ಸ್ಥಾಪಿಸಿದ ಆರೋಗ್ಯ ತಂತ್ರಜ್ಞಾನ ಕೇಂದ್ರವಿದೆ. ಭ್ರೂಣದ ಮಿದುಳನ್ನು ಅತಿ ತೆಳುವಾದ ಪದರಗಳಾಗಿ ಸೀಳಿ, ಐದು ಸಾವಿರಕ್ಕೂ ಮಿಕ್ಕಿದ ಛೇದಗಳ ಚಿತ್ರಗಳನ್ನು 2024ರಲ್ಲಿ ಜಗತ್ತಿನ ಮುಂದಿರಿಸಿದ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರವೂ ಇದೆ. ಗೇಟ್ ಪರೀಕ್ಷೆಯಲ್ಲಿ ಈ ಶಾಖೆಗೆಂದೇ ಪ್ರತ್ಯೇಕ ಪತ್ರಿಕೆ 2020ರಿಂದ ಜಾರಿಗೆ ಬಂದಿರುವುದು ಉಚ್ಚವ್ಯಾಸಂಗಕ್ಕೆ ಅನುಕೂಲವಾಗಿದೆ.

ಈ ಎಲ್ಲದರಲ್ಲಿ ಅತ್ಯಂತ ಅಲಕ್ಷಿತವಾದ ಎರಡು ವೃತ್ತಿಗಳನ್ನು ನಾನು ಆಗ್ರಹಪೂರ್ವಕವಾಗಿ ಸೂಚಿಸುವೆನು. ಮೊದಲನೆಯದು ಆಸ್ಪತ್ರೆಯೊಳಗಿನ ಕ್ಲಿನಿಕಲ್ ಎಂಜಿನಿಯರನ ವೃತ್ತಿ. ಐಐಟಿ ಮದ್ರಾಸು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೂರೂ ಒಂದಾಗಿ ಇದಕ್ಕೆಂದೇ ಸ್ನಾತಕೋತ್ತರ ಶಿಕ್ಷಣವನ್ನು ನಡೆಸಿಕೊಂಡು ಬಂದಿವೆ. ಎರಡನೆಯದು ನಿಯಂತ್ರಣ ಮತ್ತು ಪರೀಕ್ಷಣದ ವೃತ್ತಿ. 2017ರ ವೈದ್ಯಕೀಯ ಸಾಧನ ನಿಯಮಗಳು ಉಪಕರಣಗಳನ್ನು ಅಪಾಯದ ತಾರತಮ್ಯಕ್ಕೆ ಅನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿವೆ. ದೇಹದ ಉಷ್ಣತೆಯನ್ನು ಅಳೆಯುವ ಸಾಧನಕ್ಕೂ ಹೃದಯದ ಕವಾಟಕ್ಕೂ ಕೇಳುವ ಪುರಾವೆಗಳು ಬೇರೆ ಬೇರೆ. ಆ ಪುರಾವೆಗಳನ್ನು ಸಿದ್ಧಪಡಿಸಬಲ್ಲವರೂ, ಬಳಕೆಯ ಕಾಲದಲ್ಲಿ ಉಪಕರಣದಿಂದ ರೋಗಿಗೆ ತಟ್ಟಿದ ಕೇಡನ್ನು 2015ರಲ್ಲಿ ಆರಂಭವಾದ ರಾಷ್ಟ್ರೀಯ ನಿಗಾ ಕಾರ್ಯಕ್ರಮಕ್ಕೆ ಕ್ರಮಬದ್ಧವಾಗಿ ವರದಿ ಮಾಡಬಲ್ಲವರೂ ನಮ್ಮಲ್ಲಿ ಇನ್ನೂ ವಿರಳ.

ಇಂತಹ ಬರವಣಿಗೆಯ ಅಭ್ಯಾಸ ಕಾಲೇಜಿನಲ್ಲಿಯೇ ಆಗಬೇಕಾದುದರಿಂದ, ಕಡೆಯ ವರ್ಷದ ಯೋಜನಾ ವರದಿಯಲ್ಲಿ ವಿದ್ಯುನ್ಮಂಡಲಗಳ ನಕ್ಷೆಗಳ ಜೊತೆಗೆ ಒಂದು ಅಧ್ಯಾಯವನ್ನು ಅಧ್ಯಾಪಕರು ಕಡ್ಡಾಯಗೊಳಿಸಬೇಕು: ತಾವು ರಚಿಸಿದ ಸಾಧನವನ್ನು ಯಾವ ವಾರ್ಡಿನವರು ಕೈಯಲ್ಲಿ ಹಿಡಿದು ನೋಡಿದರು, ಅದು ಎಷ್ಟು ಗಂಟೆ ನಡೆಯಿತು, ಯಾವಾಗ ಏತಕ್ಕೆ ನಿಂತಿತು, ಅದನ್ನು ಬೇಡವೆಂದ ದಾದಿಯು ಕೊಟ್ಟ ಕಾರಣವೇನು ಎಂಬುದೆಲ್ಲ ಅದರಲ್ಲಿರಲಿ. ಉದ್ಯೋಗದ ಸಂದರ್ಶನವನ್ನು ನಡೆಸುವವರು ಮೊದಲು ತೆರೆದು ಓದಬೇಕಾದದ್ದೂ ಆ ಅಧ್ಯಾಯವನ್ನೇ.