ಗರ್ಭಿಣಿಯರು ಹೇಳುವ ಎತ್ತರ ಮತ್ತು ತೂಕ: ಪುತ್ತೂರು, ಸುಳ್ಯ, ಕಡಬ ಪರಿಸರದಲ್ಲಿ ಅದರ ನಿಖರತೆ

ಗರ್ಭಿಣಿಯ ತೂಕ ತಿಂಗಳಿಂದ ತಿಂಗಳಿಗೆ ಎಷ್ಟು ಏರಿತೆಂಬುದನ್ನು ಆರೋಗ್ಯ ಕೇಂದ್ರದ ತೂಕದ ಯಂತ್ರ ತೋರಿಸಬಲ್ಲದು. ಎಲ್ಲಿಂದ ಏರತೊಡಗಿತೆಂಬುದನ್ನು ತೋರಿಸಲಾರದು. ಬಸಿರಿಗೆ ಮುಂಚಿನ ತೂಕವನ್ನು ಬಹುಪಾಲು ಆಕೆಯನ್ನೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಎತ್ತರದ ವಿಷಯ ಹಾಗಲ್ಲ. ಅದನ್ನು ಯಾವ ದಿನವಾದರೂ ಅಳೆಯಬಹುದಾದುದರಿಂದ, ಕೇಳಿ ಬರೆಯುವುದಕ್ಕೆ ಅವಸರವಲ್ಲದೆ ಬೇರೆ ಸಮರ್ಥನೆಯಿಲ್ಲ.

ಹೆಂಗಸರು ತೂಕವನ್ನು ತುಸು ಕಡಿಮೆಯಾಗಿಯೂ ಎತ್ತರವನ್ನು ತುಸು ಹೆಚ್ಚಾಗಿಯೂ ಹೇಳುತ್ತಾರೆಂಬುದು ಪಾಶ್ಚಾತ್ಯ ಅಧ್ಯಯನಗಳ ಸಾಮಾನ್ಯ ಅಭಿಪ್ರಾಯ. ಸರಾಸರಿಯಲ್ಲಿ ಈ ವ್ಯತ್ಯಾಸ ಚಿಕ್ಕದೆಂದು ಅವು ಸಮಾಧಾನಪಟ್ಟಿವೆ. ಆದರೆ ತನ್ನ ತೂಕವನ್ನು ಆಗಾಗ ನೋಡಿಕೊಂಡವಳಿಗೆ ಸಲ್ಲುವ ಮಾತಿದು. ಅಡಿಕೆ, ರಬ್ಬರು, ಬೀಡಿಗಳನ್ನು ನಂಬಿದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅಡಿಕೆಯ ತೂಕವನ್ನು ಕಿಲೋ ತಪ್ಪದೆ ಬಲ್ಲ ಮನೆಯಲ್ಲೂ ಸೊಸೆಯ ತೂಕ ಯಾರಿಗೂ ತಿಳಿಯದಿರುವುದು ಅಸಂಭವವೇನಲ್ಲ. ಅಂಥಲ್ಲಿ ದೊರೆಯುವ ಉತ್ತರ ನೆನಪಲ್ಲ, ಅಂದಾಜು. ಅಂದಾಜು ಸಾಮಾನ್ಯವಾಗಿ ಐದು, ಸೊನ್ನೆಗಳಲ್ಲಿ ಕೊನೆಗೊಳ್ಳುತ್ತದೆ.

ಇದರ ಪರಿಣಾಮವನ್ನು ಲೆಕ್ಕದಿಂದಲೇ ಕಾಣಬಹುದು. 150 ಸೆಂ.ಮೀ. ಎತ್ತರ, 41 ಕಿ.ಗ್ರಾಂ. ತೂಕದ ಹೆಂಗಸಿನ ದೇಹತೂಕ ಸೂಚ್ಯಂಕ 18.2. ಅದು 18.5ಕ್ಕಿಂತ ಕಡಿಮೆಯಿರುವುದರಿಂದ ಆಕೆ ಕೃಶಳು. ಆಕೆ ‘ಐದಡಿ, ನಲವತ್ತೈದು ಕಿಲೋ’ ಎಂದರೆ ಸೂಚ್ಯಂಕ 19.4ಕ್ಕೇರಿ, ಕಾಗದದ ಮೇಲೆ ಆರೋಗ್ಯವಂತೆಯಾಗುತ್ತಾಳೆ. ಅಮೆರಿಕದ ವೈದ್ಯಕೀಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ ಕೃಶಳಾದವಳು ಗರ್ಭಾವಧಿಯಲ್ಲಿ 12.5ರಿಂದ 18 ಕಿ.ಗ್ರಾಂ., ಸಾಮಾನ್ಯ ತೂಕದವಳು 11.5ರಿಂದ 16 ಕಿ.ಗ್ರಾಂ. ಏರಬೇಕು. ಹೆರಿಗೆಯ ಹೊತ್ತಿಗೆ ಇವಳು 52 ಕಿ.ಗ್ರಾಂ. ತೂಗಿದರೆ ನಿಜವಾದ ಏರಿಕೆ 11. ದಾಖಲೆಯಲ್ಲಿ ಅದು 7 ಮಾತ್ರ. ಮೊದಲು ಎಚ್ಚರಿಸಬೇಕಾದವಳನ್ನು ಬಿಟ್ಟು, ಕೊನೆಗೆ ಉಣ್ಣಲಿಲ್ಲವೆಂದು ಅವಳನ್ನೇ ಗದರುವ ಸ್ಥಿತಿ ಒದಗುತ್ತದೆ.

ಪ್ರಶ್ನೆಯ ಭಾಷೆಯೂ ಉಪೇಕ್ಷಿಸತಕ್ಕದ್ದಲ್ಲ. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳಗಳ ಜೊತೆಗೆ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿ ರಬ್ಬರು ತೋಟಗಳಲ್ಲಿ ನೆಲೆಸಿದವರ ತಮಿಳೂ ಇಲ್ಲಿದೆ. ಕನ್ನಡದಲ್ಲಿ ಕೇಳಿದ ‘ಮೊದಲು ತೂಕ ಎಷ್ಟಿತ್ತು?’ ಎಂಬುದನ್ನು ಮದುವೆಗೆ ಮೊದಲೆಂದೋ ಹಿಂದಿನ ಬಾಣಂತನಕ್ಕೆ ಮೊದಲೆಂದೋ ತಿಳಿದುಕೊಳ್ಳಬಹುದು. ಪಕ್ಕದಲ್ಲಿ ಕುಳಿತ ಅತ್ತೆಯೇ ಉತ್ತರಿಸಿಬಿಡಲೂಬಹುದು. ಬಯಕೆಯ ಶಾಸ್ತ್ರ ಮುಗಿಸಿ ತವರಿಗೆ ಹೋಗುವ ಚೊಚ್ಚಲ ಬಸುರಿಯ ಜೊತೆ ತಾಯಿ ಕಾರ್ಡೂ ಹೋಗುತ್ತದೆ. ಅಲ್ಲಿನ ಆಸ್ಪತ್ರೆಗೆ ಆ ಅಂಕಿ ಕೇಳಿದ್ದೋ ತೂಗಿದ್ದೋ ತಿಳಿಯುವ ಬಗೆಯಿಲ್ಲ. ಅಂಕಿಯ ಪಕ್ಕದಲ್ಲಿ ‘ಹೇಳಿದ್ದು’ ಅಥವಾ ‘ಅಳೆದದ್ದು’ ಎಂದು ಬರೆಯುವುದು ಒಂದು ಪದದ ಕೆಲಸ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1998–99ರ ಎರಡನೆಯ ಸುತ್ತಿನಿಂದ ಹೆಂಗಸರನ್ನು ಕೇಳದೆ ಅಳೆದೇ ಬರೆಯುತ್ತಿದೆ. ಆದರೆ ಸೂಚ್ಯಂಕದ ಗಣನೆಯಿಂದ ಗರ್ಭಿಣಿಯರನ್ನೂ ಎರಡು ತಿಂಗಳೊಳಗೆ ಹೆತ್ತವರನ್ನೂ ಅದು ಹೊರಗಿಡುತ್ತದೆಯಾಗಿ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದು. ಹನ್ನೆರಡು ವಾರದೊಳಗೆ ತೂಗಿದ ಅಂಕಿಯೇ ಬಸಿರಿಗೆ ಮುಂಚಿನ ತೂಕಕ್ಕೆ ಹೆಚ್ಚು ಸಮೀಪವಾದುದು. ವಾಂತಿ ಬಲವಾಗಿರುವವಳಲ್ಲಿ ಮಾತ್ರ ಅದೂ ಕೆಳಗಿಳಿದಿರುತ್ತದೆ. ಅಂಥವಳ ವಿಷಯದಲ್ಲಿ ಆಕೆಯ ಮಾತನ್ನೂ ಕೇಳಿ ಎರಡನ್ನೂ ಬರೆದಿಡುವುದು ಯುಕ್ತ.