ಗೋಲು ಹೊಡೆಯುವ ರಕ್ಷಣಾ ಆಟಗಾರ

ಎದುರಾಳಿಯನ್ನು ತಡೆಯುವುದು ರಕ್ಷಣಾ ಆಟಗಾರನ ಕೆಲಸ. ಇಟಲಿಯ ಜಾಚಿಂತೊ ಫಾಕೆಟ್ಟಿ 1960ರ ದಶಕದಲ್ಲಿ ಇಂಟರ್ ಮಿಲಾನ್ ತಂಡದ ಹಿಂಸಾಲಿನಿಂದ ಮುನ್ನುಗ್ಗಿ ಗೋಲು ಗಳಿಸಿದ್ದು ಫುಟ್‌ಬಾಲ್‌ನಲ್ಲಿ ಹೊಸತೆನಿಸಿತ್ತು. ಹಾಕಿಯಲ್ಲಾದರೋ ನಿಯಮವೇ ಅದಕ್ಕೆ ಅವಕಾಶ ಕಲ್ಪಿಸಿದೆ. ಶ್ರೀಮಂಗಲವನ್ನೊಳಗೊಂಡ ದಕ್ಷಿಣ ಕೊಡಗಿನ ಹಾತೂರಿನವರಾದ ವಿ.ಆರ್. ರಘುನಾಥ್ ಇದಕ್ಕೆ ನಿದರ್ಶನ.

ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲು ಬಾರಿಸಿದ ಚೆಂಡು ಗೋಲುಗೆರೆ ದಾಟುವಾಗ 460 ಮಿ.ಮೀ. ಎತ್ತರದ ಹಲಗೆಯನ್ನು ಮೀರುವಂತಿಲ್ಲ. ಬಾರಿಸದೆ, ಸ್ಟಿಕ್‌ನಿಂದ ಎಳೆದು ಚಿಮ್ಮಿಸಿದರೆ ಈ ಮಿತಿಯಿಲ್ಲ. ಅದೇ ಡ್ರ್ಯಾಗ್ ಫ್ಲಿಕ್. ಗೋಲ್‌ಕೀಪರ್ ಸೇರಿ ಐವರಷ್ಟೇ ಅದನ್ನು ತಡೆಯಲು ನಿಲ್ಲಬಹುದು. ಭಾರತದಲ್ಲಿ ಈ ವಿದ್ಯೆ ಕೈವಶವಾದದ್ದು ಬಹುತೇಕ ಹಿಂಸಾಲಿನವರಿಗೇ. ಗೋಲು ಬಾರದ ದಿನ ಅವರ ತಡೆಯಾಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬುದು ಬೇರೆ ಮಾತು.

1988ರಲ್ಲಿ ಜನಿಸಿದ ರಘುನಾಥ್, 2005ರಲ್ಲಿ ರಾಷ್ಟ್ರೀಯ ತಂಡ ಸೇರಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದಕ್ಕಿದ್ದು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನ. ಎರಡೇ ವರ್ಷಗಳಲ್ಲಿ ಇಂಚಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಅವರೂ ಸೇರಿ ಅದರಲ್ಲಿ ಕೊಡಗಿನವರೇ ನಾಲ್ವರು. 2016ರ ರಿಯೊ ಒಲಿಂಪಿಕ್ಸ್‌ಗೂ ಈ ನಾಲ್ವರು ತೆರಳಿದರು. ಐರ್ಲೆಂಡ್ ವಿರುದ್ಧದ ಮೊದಲ ಪಂದ್ಯವನ್ನು ಭಾರತ 3-2ರಿಂದ ಗೆದ್ದಾಗ ಮೊದಲ ಗೋಲು ರಘುನಾಥ್ ಅವರದು. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

2021ರಲ್ಲಿ ಟೋಕಿಯೊದಲ್ಲಿ ಭಾರತ 41 ವರ್ಷಗಳ ಬಳಿಕ ಪದಕ ಗೆದ್ದಾಗ ತಂಡದಲ್ಲಿ ಕೊಡಗಿನ ಒಬ್ಬನೂ ಇರಲಿಲ್ಲ. 2024ರ ಪ್ಯಾರಿಸ್ ತಂಡದಲ್ಲಿಯೂ ಇರಲಿಲ್ಲ.