ಕಡಿಮೆ ದುಡ್ಡಿನ ಏರ್‌ಗನ್: ಮೊದಲು ಪೆಟ್ಟಿಗೆ, ಆಮೇಲೆ ಬಂದೂಕು

ಉರೂಸಿನ ಸಂತೆಯಲ್ಲಿ ಬಲೂನ್ ಒಡೆಯುವ ಏರ್‌ಗನ್ ಹಿಡಿಯದವರು ನಮ್ಮಲ್ಲಿ ಕಡಿಮೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದ ಮೇಲೆ ನಮ್ಮ ಮನೆಯಲ್ಲೂ ಶುರುವಾಯಿತು: "ಉಪ್ಪಾ, ನಮಗೂ ಒಂದು ಏರ್‌ಗನ್ ತೆಗೆಯುವಾ."

ಸ್ಪರ್ಧೆಯ ಒಳ್ಳೆಯ ರೈಫಲ್ ಬೇಕಾದರೆ ಲಕ್ಷದ ಮಾತು. ನಾವು ತಂದದ್ದು 4.5 ಮಿ.ಮೀ. ಅಳತೆಯ ಸಾದಾ ಸ್ಪ್ರಿಂಗ್ ರೈಫಲ್. ನಳಿಗೆ ಮಡಚಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಟ್ರಿಗರ್ ಒತ್ತಿದರೆ ಪಿಸ್ಟನ್ ಮುನ್ನುಗ್ಗಿ ಗಾಳಿಯ ಒತ್ತಡದಲ್ಲಿ ಪೆಲೆಟ್ ಹಾರುತ್ತದೆ. ಅಷ್ಟೇ.

ಮೊದಲ ದಿನವೇ ತಪ್ಪು ಮಾಡಿದೆ. ಹಿತ್ತಲಿನ ಕೆಂಪುಕಲ್ಲಿನ ಗೋಡೆಗೇ ಕಾಗದ ಅಂಟಿಸಿದ್ದೆ. ಗೋಡೆಗೆ ಬಡಿದ ಪೆಲೆಟ್ ತಿರುಗಿ ಬಂದು ಮಗಳ ಕನ್ನಡಕಕ್ಕೆ ಟಕ್ ಅಂತ ತಾಗಿತು. ಅವಳಿಗೆ ಕನ್ನಡಕ ಇಲ್ಲದಿದ್ದರೆ? ಅವಳ ಉಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಕಲಿತದ್ದು ಇದು. ಮರದ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ, ಪೇಪರ್ ಒತ್ತೊತ್ತಾಗಿ ತುಂಬಿ ಅದರ ಮುಂದೆ ಗುರಿ ಇಡಬೇಕು. ಪೆಟ್ಟಿಗೆಯ ಹಿಂದೆ ದಾರಿಯಾಗಲಿ, ನೆರೆಮನೆಯಾಗಲಿ ಇರಬಾರದು. ಹೊಡೆಯುವವರಿಗೂ ನೋಡುವವರಿಗೂ ಕಣ್ಣಿಗೆ ಗಟ್ಟಿ ಕನ್ನಡಕ ಬೇಕು. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮಕ್ಕಳ ಕೈಗೆ ಗನ್ ಇಲ್ಲ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಇನ್ನು ಗನ್ ಒಳ್ಳೆಯದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಅಂಗಡಿಯವರು "ಪವರ್" ಹೇಳುತ್ತಾರೆ. ಕಾಗದದ ಗುರಿಗೆ ಪವರ್ ಎಂಥಕ್ಕೆ? 10 ಮೀಟರ್ ದೂರದಲ್ಲಿ ಕುಳಿತು, ಮರಳಿನ ಚೀಲದ ಮೇಲೆ ಕೈ ಇಟ್ಟು, ಒಂದೇ ಗುರಿಗೆ ಐದು ಹೊಡೆಯಿರಿ. ನಡುವಿಗೆ ಬೀಳಬೇಕೆಂದಿಲ್ಲ, ಐದೂ ಹತ್ತಿರ ಹತ್ತಿರ ಬೀಳಬೇಕು. ಹತ್ತು ರೂಪಾಯಿ ನಾಣ್ಯದಡಿ ಎಲ್ಲವೂ ಮುಚ್ಚಿದರೆ ಕಡಿಮೆ ದುಡ್ಡಿನ ಗನ್‌ಗೆ ಅದು ಧಾರಾಳ. ನಡುವಿಗೆ ತರಲು ಸೈಟ್ ತಿರುಗಿಸಿದರಾಯಿತು.

ನಮ್ಮದು ಮೊದಲು ಬಸಳೆ ಎಲೆಯಷ್ಟು ಅಗಲ ಚದುರುತ್ತಿತ್ತು. ಗನ್‌ಗೆ ಬೈದೆ. ನೋಡಿದರೆ ಮರದ ಹಿಡಿಯ ಸ್ಕ್ರೂ ಸಡಿಲ! ಅದನ್ನು ಬಿಗಿ ಮಾಡಿ, ಚಪ್ಪಟೆ ತಲೆಯ ಬೇರೆ ಪೆಲೆಟ್ ತಂದೆ. ಇನ್ನೊಂದು ತಪ್ಪು ನನ್ನದೇ: ಸ್ಪ್ರಿಂಗ್ ಗನ್ ಹೊಡೆಯುವಾಗ ಹಿಂದೆ ಮುಂದೆ ಅದುರುತ್ತದೆ. ಅದನ್ನು ಗಟ್ಟಿಯಾಗಿ ಹಿಡಿಯದೆ ಹಗುರವಾಗಿ ಹಿಡಿಯಬೇಕು.

ಪೆಲೆಟ್ ಹಾಕದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತದೆ. ನಳಿಗೆ ಮಡಚಿರುವಾಗ ಟ್ರಿಗರ್ ಮುಟ್ಟಬೇಡಿ, ನಳಿಗೆ ಸಿಡಿದು ಬಂದು ಬೆರಳು ಮುರಿಯಬಹುದು. ಒಳಗೆ ತೆಂಗಿನೆಣ್ಣೆ ಬಿಡಲೇಬಾರದು. ಒತ್ತಡದ ಬಿಸಿಗೆ ಎಣ್ಣೆ ಹೊತ್ತಿ ಸೀಲ್ ಹೋಗುತ್ತದೆ. ನಮ್ಮ ಮಳೆಗಾಲಕ್ಕೆ ಹೊರಗಿನ ಕಬ್ಬಿಣಕ್ಕೆ ತೆಳುವಾಗಿ ಮೆಷಿನ್ ಎಣ್ಣೆ ಒರೆಸಿದರೆ ತುಕ್ಕು ಹಿಡಿಯದು.

ಕಾನೂನೂ ತಿಳಿದಿರಲಿ. 4.5 ಮಿ.ಮೀ. ಒಳಗಿನ, 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಬಿಲ್ ಜೋಪಾನವಾಗಿಡಿ. ಪವರ್ ಹೆಚ್ಚಿಸಲು ಸ್ಪ್ರಿಂಗ್ ಬದಲಿಸುವ ಉಸಾಬರಿ ಬೇಡ. ಹಕ್ಕಿಗೆ ಹೊಡೆಯುವುದಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ.

ಮೊನ್ನೆ ಮಗಳ ಐದೂ ತೂತು ನಾಣ್ಯದಡಿ ಮುಚ್ಚಿದವು. ಆ ಕಾಗದ ಈಗ ಫ್ರಿಜ್ ಬಾಗಿಲಲ್ಲಿದೆ. ಅಂಟಿಸಿದ್ದು ಅವಳ ಉಮ್ಮ.